ಅಪಸ್ಮಾರ: ಶಸ್ತ್ರಚಿಕಿತ್ಸೆಯ ನಂತರದ ಬಾಳು

ಆಯುರ್ವೇದವು ಅಪಸ್ಮಾರವೆಂದು ಕರೆಯುವ ಮೂರ್ಛೆರೋಗವು ಬಹುಪಾಲು ಮಕ್ಕಳಲ್ಲಿ ಮಾತ್ರೆಗಳಿಂದಲೇ ಹತೋಟಿಗೆ ಬರುತ್ತದೆ. ಸರಿಯಾಗಿ ಆಯ್ದ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಸೆಳೆತ ನಿಲ್ಲದಿದ್ದಲ್ಲಿ, ಮೆದುಳಿನಲ್ಲಿ ಅದರ ಮೂಲಸ್ಥಾನವನ್ನು ಗುರುತಿಸಿ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ತಜ್ಞರು ಪರಿಶೀಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ದೆಹಲಿಯ ಏಮ್ಸ್‌ನಲ್ಲಿ ಇಂತಹ 116 ಮಕ್ಕಳನ್ನು ಕುರಿತು ನಡೆದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ತರುವಾಯ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 77ರಷ್ಟು ಮಕ್ಕಳು ಸೆಳೆತದಿಂದ ಮುಕ್ತರಾಗಿದ್ದರು. ಔಷಧ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಶೇ. 7. ಶಸ್ತ್ರಚಿಕಿತ್ಸೆಯಾದವರ ನಡವಳಿಕೆ ಹಾಗೂ ಜೀವನದ ಗುಣಮಟ್ಟಗಳೂ ಸುಧಾರಿಸಿದ್ದವು. ಆದರೆ ಬುದ್ಧಿಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವರಲ್ಲಿ ದೇಹದ ಒಂದು ಪಾರ್ಶ್ವದ ಬಲಹೀನತೆಯೂ ತಲೆದೋರಿತು.

ಆದುದರಿಂದ ಸೆಳೆತ ನಿಂತ ಮಾತ್ರಕ್ಕೆ ಹೆತ್ತವರ ಹೊಣೆ ಮುಗಿಯದು. ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಅವಸರಪಡಿಸಬಾರದು. ಬಲಗುಂದಿದ ಕೈಕಾಲುಗಳಿಗೆ ನಿತ್ಯವೂ ವ್ಯಾಯಾಮ ಮಾಡಿಸಬೇಕು. ವೈದ್ಯರು ಹೇಳುವ ತನಕ ಮಾತ್ರೆಗಳನ್ನು ನಿಲ್ಲಿಸಲೇಬಾರದು. ನಾವು ಆಯುರ್ವೇದ ವೈದ್ಯರಾಗಿಯೂ ಸ್ಪಷ್ಟವಾಗಿ ಹೇಳುತ್ತೇವೆ: ಬ್ರಾಹ್ಮೀಘೃತವು ಆ ಮಾತ್ರೆಗಳಿಗೆ ಬದಲಿಯಲ್ಲ.

ಸದ್ಭಕ್ತರು ಇಂತಹ ಮಗುವನ್ನು ರೋಗಿಯೆಂದು ಮೂಲೆಗೆ ಕೂರಿಸದೆ, ಶಾಲೆಯಲ್ಲಿ, ಆಟದಲ್ಲಿ, ಮಠದ ದಾಸೋಹ ಸೇವೆಯಲ್ಲಿ ಎಲ್ಲರೊಡನೆ ಬೆರೆಯಗೊಡಬೇಕು. ಚಿಕಿತ್ಸೆಯಿಂದ ದೊರೆತ ಆರೋಗ್ಯವು ಬಾಳಾಗಿ ಅರಳುವುದು ಆಗಲೇ.