ಮುಕ್ತ ಶಾಲೆಯ ಪ್ರವೇಶವಿಚಾರ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲ, ಶಾಲೆಗೆ ಉಂಟು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕಬ್ಬಿನ ಗದ್ದೆಗೋ ಆಲೆಮನೆಗೋ ದುಡಿಯಹೋಗಿ ಓದನ್ನು ನಡುವೆಯೇ ನಿಲ್ಲಿಸಿದವರಿಗೆ ಈ ಕಟ್ಟೇ ಅಡ್ಡಗೋಡೆ. ಇಂಥವರಿಗೂ ದಾರಿಯಾಗಲೆಂದು 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯು ಸ್ಥಾಪಿತವಾಯಿತು. ಇಂದು ಅದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆನಿಸಿದೆ.

ಇಲ್ಲಿ ಹತ್ತನೆಯ ತರಗತಿಯ ಪ್ರವೇಶಕ್ಕೆ 14 ವರ್ಷ ತುಂಬಿರಬೇಕು. ಹನ್ನೆರಡನೆಯದಕ್ಕೆ 15 ವರ್ಷದೊಡನೆ ಹತ್ತನೆಯ ತರಗತಿಯ ತೇರ್ಗಡೆಯೂ ಅವಶ್ಯ. ಗರಿಷ್ಠ ವಯೋಮಿತಿಯಿಲ್ಲ. ಪ್ರಮಾಣಪತ್ರಕ್ಕೆ ಭಾಷೆಯೂ ಸೇರಿದಂತೆ 5 ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಪ್ರವೇಶವು 5 ವರ್ಷ ಸಿಂಧುವಾಗಿದ್ದು, ಅಷ್ಟರೊಳಗೆ 9 ಬಾರಿ ಪರೀಕ್ಷೆಗೆ ಅವಕಾಶವುಂಟು. ಗೆದ್ದ ವಿಷಯವನ್ನು ಮತ್ತೆ ಬರೆಯಬೇಕಾಗಿಲ್ಲ. ಸುಗ್ಗಿಯ ದುಡಿಮೆಯವನಿಗೆ ಇದು ದೊಡ್ಡ ಅನುಕೂಲ. ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸುವಾಗ ಜನ್ಮದಿನಾಂಕದ ಹಾಗೂ ಗುರುತಿನ ದಾಖಲೆಗಳು ಮತ್ತು ಭಾವಚಿತ್ರ ಕೈಯಲ್ಲಿರಬೇಕು. 2017ರಲ್ಲಿ ಆರಂಭವಾದ ‘ಸ್ವಯಂ’ ಜಾಲತಾಣದಲ್ಲಿ ಈ ಸಂಸ್ಥೆಯ ಪಾಠಗಳೂ ದೊರೆಯುತ್ತವೆ.

ಶುಲ್ಕ, ಬೋಧನಮಾಧ್ಯಮ, ಕೊನೆಯ ದಿನಾಂಕಗಳನ್ನು ಮಧ್ಯವರ್ತಿಗಳಿಂದಲ್ಲ, ಸಂಸ್ಥೆಯ ಪ್ರಕಟಣೆಯಿಂದಲೇ ತಿಳಿಯತಕ್ಕದ್ದು.

ಆದರೆ ಪ್ರಕಟವಾದ ಮಾಹಿತಿಯೆಲ್ಲವೂ ತಲಪಿದ ಮಾಹಿತಿಯಲ್ಲ. ಬಾಗಿಲು ತೆರೆದಿದೆಯೆಂಬುದನ್ನೇ ಅರಿಯದವನಿಗೆ ಅದು ಮುಚ್ಚಿದಂತೆಯೇ ಸರಿ. ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಊರಿನಲ್ಲಿ ಓದು ಬಿಟ್ಟ ಒಬ್ಬೊಬ್ಬರ ಬಳಿ ಕುಳಿತು ಅರ್ಜಿ ತುಂಬಿಸಿದರೆ ಅದೂ ವಿದ್ಯಾದಾನವೇ. ದಾನಿಗಳು ಅವರ ಶುಲ್ಕವನ್ನು ಭರಿಸಿದರೆ ಆ ದಾನವು ಪೂರ್ಣವಾಗುತ್ತದೆ.