ಬ್ಯಾಟರಿ ಬದಲಿಸುವ ಮುಂಚೆ
ಸಂತೇಬೆನ್ನೂರಿನಿಂದ ಚನ್ನಗಿರಿಗೆ ಹೊರಟ ಕಾರು ಒಂದು ದಿನ ಸ್ಟಾರ್ಟ್ ಆಗುತ್ತದೆ, ಮರುದಿನ ಬರೀ ಟಿಕ್ ಅನ್ನುತ್ತದೆ. ಸ್ಟಾರ್ಟ್ ಆದರೂ ನಿಂತಲ್ಲೇ ಎಂಜಿನ್ ಸದ್ದು ಏರಿಳಿಯುತ್ತದೆ. ಕೂಡಲೇ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ, ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಅಷ್ಟಿದ್ದೂ ಸೆಲ್ಫ್ ಎಳೆಯದಿದ್ದರೆ ನನ್ನ ಮೊದಲ ಅನುಮಾನ ಅರ್ತಿಂಗ್ ಮೇಲೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿತೋ, ಅರ್ತ್ ಪಟ್ಟಿಯ ತುದಿ ಬಿಚ್ಚಿ, ಹಸಿರುಗಟ್ಟಿದ್ದನ್ನು ಉಜ್ಜಿ, ಬಿಗಿ ಮಾಡಿ. ಅಡಿಕೆ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿದ ವೈರನ್ನೂ ಹುಡುಕಿ. ಆಮೇಲೆ ಎಂಜಿನ್ ಓಡುತ್ತಿರುವಾಗ, ಫ್ಯಾನು ಬೆಲ್ಟಿನಿಂದ ಕೈ ದೂರವಿಟ್ಟು, ಸೆನ್ಸರ್ ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಿಸಿ. ಸದ್ದು ಬದಲಾದಲ್ಲಿ ಗುರುತು ಹಾಕಿ. ಬಿಸಿಯಲ್ಲೋ ಮಳೆಯಲ್ಲೋ, ದೋಷ ಬಂದ ಹೊತ್ತನ್ನು ಬರೆದಿಟ್ಟು ಮೆಕಾನಿಕ್ಕಿಗೆ ತೋರಿಸಿ.