ಟರ್ಮಿನಲ್‌ನಲ್ಲಿ ದಿನದ ಕೆಲಸ: ಎಂಟು ಸೂತ್ರಗಳು

ಮದುವೆಯ ಮುನ್ನೂರು ಫೋಟೊಗಳ ಗಾತ್ರ ತಗ್ಗಿಸಬೇಕು. ಸ್ಮರಣ ಸಂಚಿಕೆಗೆ ಬಂದ ನಲವತ್ತು ಪಿಡಿಎಫ್‌ಗಳನ್ನು ಒಂದು ಮಾಡಬೇಕು. ಐನೂರು ಸದಸ್ಯರ ಪಟ್ಟಿಯಲ್ಲಿ ಯಾವ ಊರಿನವರು ಎಷ್ಟು ಜನ ಎಂದು ಎಣಿಸಬೇಕು. ಮೌಸ್ ಹಿಡಿದು ಕೂತರೆ ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಟರ್ಮಿನಲ್‌ನಲ್ಲಿ ಒಂದೊಂದು ಸಾಲು ಸಾಕು. ಶಾಲಾ ಶಿಕ್ಷಕರು, ಡಿಟಿಪಿ ಮಾಡುವವರು, ಸಂಘದ ಕಾರ್ಯದರ್ಶಿಗಳು, ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಕಲಿತರೆ ಉಳಿಯುವ ಸಮಯ ಕಡಿಮೆಯದಲ್ಲ. ಕಂಪ್ಯೂಟರ್ ಓದಿದವರೇ ಆಗಬೇಕೆಂದೇನೂ ಇಲ್ಲ. ಇಲ್ಲಿ ಕನ್ನಡದಲ್ಲಿ ಬರೆದಿರುವ ಕಮಾಂಡ್‌ಗಳನ್ನು ಟೈಪ್ ಮಾಡುವಾಗ ಮಾತ್ರ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

1. ಮೊದಲು ತೆರೆಯಿರಿ

ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ‘ಟರ್ಮಿನಲ್’ ಎಂದು ಹುಡುಕಿದರೆ ಸಿಗುತ್ತದೆ. ವಿಂಡೋಸ್‌ನವರು ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಬ್ಲ್ಯುಎಸ್ಎಲ್’ ಎಂದು ಬರೆದು, ಜಾಗ ಬಿಟ್ಟು, ಎರಡು ಹೈಫನ್ ಹಾಕಿ ‘ಇನ್‌ಸ್ಟಾಲ್’ ಎಂದು ಕೊಟ್ಟರೆ ವಿಂಡೋಸ್ ಒಳಗೇ ಲಿನಕ್ಸ್ ಬಂದು ಕೂರುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಬೇಕಾದೀತು. ಇದಕ್ಕೆ ಹಣ ಕೊಡಬೇಕಿಲ್ಲ.

2. ಎಲ್ಲಿದ್ದೀರಿ ಎಂದು ತಿಳಿದುಕೊಳ್ಳದೆ ಏನನ್ನೂ ಮಾಡಬೇಡಿ

‘ಪಿಡಬ್ಲ್ಯುಡಿ’ ಎಂದರೆ ಈಗ ಯಾವ ಫೋಲ್ಡರ್‌ನಲ್ಲಿದ್ದೀರಿ ಎಂದು ಹೇಳುತ್ತದೆ. ‘ಎಲ್ಎಸ್’ ಅಲ್ಲಿರುವ ಫೈಲ್‌ಗಳನ್ನು ತೋರಿಸುತ್ತದೆ. ‘ಸಿಡಿ’ ಬೇರೆ ಫೋಲ್ಡರ್‌ಗೆ ಕರೆದೊಯ್ಯುತ್ತದೆ. ಮೊದಲ ವಾರ ಈ ಮೂರರಲ್ಲೇ ಓಡಾಡಿ. ಇವು ಯಾವ ಫೈಲನ್ನೂ ಕೆಡಿಸುವುದಿಲ್ಲ.

3. ಪೂರ್ತಿ ಟೈಪ್ ಮಾಡುವ ಗೋಜಿಗೆ ಹೋಗಬೇಡಿ

ಫೈಲ್ ಹೆಸರಿನ ಮೊದಲ ಎರಡು ಮೂರು ಅಕ್ಷರ ಹಾಕಿ ಟ್ಯಾಬ್ ಒತ್ತಿ. ಉಳಿದದ್ದನ್ನು ಅದೇ ತುಂಬುತ್ತದೆ. ತುಂಬದಿದ್ದರೆ ಆ ಹೆಸರು ಅಲ್ಲಿಲ್ಲ, ಇಲ್ಲವೇ ಅದೇ ರೀತಿ ಶುರುವಾಗುವ ಹೆಸರುಗಳು ಹಲವು ಇವೆ ಎಂದರ್ಥ. ಹಿಂದೆ ಕೊಟ್ಟ ಕಮಾಂಡ್ ಬೇಕೆಂದರೆ ಮೇಲ್ಮುಖ ಬಾಣ. ಬಹಳ ಹಿಂದಿನದಾದರೆ ಕಂಟ್ರೋಲ್ ಮತ್ತು ಆರ್ ಒತ್ತಿ, ನೆನಪಿರುವ ಒಂದು ತುಣುಕು ಬರೆಯಿರಿ. ಏನೋ ಓಡುತ್ತಿದೆ, ನಿಲ್ಲಿಸಬೇಕು ಎನಿಸಿದರೆ ಕಂಟ್ರೋಲ್ ಮತ್ತು ಸಿ.

4. ಗುಂಪಿನ ಕೆಲಸದಿಂದ ಶುರುಮಾಡಿ

ಒಂದು ಫೋಟೊ ಕತ್ತರಿಸುವುದಕ್ಕೆ ಟರ್ಮಿನಲ್ ಬೇಡ, ಮೌಸೇ ಸರಿ. ಮುನ್ನೂರು ಫೋಟೊ ಇದ್ದಾಗ ಇಮೇಜ್‌ಮ್ಯಾಜಿಕ್ ಹಾಕಿಕೊಳ್ಳಿ. ಅದರಲ್ಲಿನ ‘ಮೊಗ್ರಿಫೈ’ ಕಮಾಂಡಿಗೆ ‘ಹೈಫನ್ ರೀಸೈಜ್ 1200’ ಎಂದು ಹೇಳಿ, ನಕ್ಷತ್ರ, ಚುಕ್ಕಿ, ಜೆಪಿಜಿ ಎಂದು ಕೊಟ್ಟರೆ ಫೋಲ್ಡರ್‌ನ ಅಷ್ಟೂ ಚಿತ್ರಗಳ ಅಗಲ 1200 ಪಿಕ್ಸೆಲ್‌ಗೆ ಬರುತ್ತದೆ. ನಕ್ಷತ್ರಕ್ಕೆ ‘ಯಾವ ಹೆಸರಾದರೂ ಸರಿ’ ಎಂದರ್ಥ. ಇಲ್ಲಿ ಎರಡು ಎಚ್ಚರಿಕೆ. ‘ಹೈಫನ್ ಪಾತ್’ ಎಂಬ ಸೂಚನೆ ಕೊಟ್ಟು ಬೇರೊಂದು ಫೋಲ್ಡರ್ ಹೆಸರಿಸದಿದ್ದರೆ ಮೂಲ ಚಿತ್ರಗಳೇ ಬದಲಾಗಿಬಿಡುತ್ತವೆ. ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು. ಇನ್ನು, ಲಿನಕ್ಸ್‌ಗೆ ಸಣ್ಣಕ್ಷರ, ದೊಡ್ಡಕ್ಷರ ಬೇರೆ ಬೇರೆ. ಎಷ್ಟೋ ಕ್ಯಾಮೆರಾಗಳು ಜೆಪಿಜಿ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತವೆ. ಸಣ್ಣಕ್ಷರದಲ್ಲಿ ಕೇಳಿದರೆ ಆ ಚಿತ್ರಗಳು ಸಿಗುವುದೇ ಇಲ್ಲ.

ಪಿಡಿಎಫ್ ಜೋಡಿಸಲು ‘ಪಿಡಿಎಫ್‌ಯುನೈಟ್’ ಇದೆ. ಸೇರಿಸಬೇಕಾದ ಫೈಲ್‌ಗಳನ್ನು ಸಾಲಾಗಿ ಬರೆದು, ಕೊನೆಯಲ್ಲಿ ಹೊಸ ಫೈಲಿನ ಹೆಸರು ಕೊಡಬೇಕು. ಕೊನೆಯ ಹೆಸರು ಹೊಸ ಫೈಲಿನದೇ ಎಂದು ಅದು ನಂಬುತ್ತದೆ. ಹೊಸ ಹೆಸರು ಕೊಡಲು ಮರೆತರೆ ನಿಮ್ಮ ಕೊನೆಯ ಲೇಖನದ ಮೇಲೆಯೇ ಬರೆದುಬಿಡುತ್ತದೆ. ಲೇಖನಗಳಿಗೆ 1, 2, 10 ಎಂದು ಹೆಸರಿಟ್ಟು ನಕ್ಷತ್ರ ಬಳಸಿದರೆ 2ಕ್ಕಿಂತ ಮುಂಚೆ 10 ಬಂದು ಪುಟಗಳು ಅದಲುಬದಲಾಗುತ್ತವೆ. 01, 02, 10 ಎಂದು ಹೆಸರಿಡಿ.

5. ಚಿಕ್ಕ ಕಮಾಂಡ್‌ಗಳನ್ನು ಪೋಣಿಸಲು ಕಲಿಯಿರಿ

ಟರ್ಮಿನಲ್‌ನ ನಿಜವಾದ ಶಕ್ತಿ ಇರುವುದು ಪೈಪ್‌ನಲ್ಲಿ, ಅಂದರೆ ಒಂದು ಕಮಾಂಡಿನ ಉತ್ತರವನ್ನು ನೇರವಾಗಿ ಇನ್ನೊಂದಕ್ಕೆ ಉಣಿಸುವ ಆ ನೆಟ್ಟಗಿನ ಗೆರೆಯಲ್ಲಿ. ಇದರ ಕಲ್ಪನೆ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮ್ಯಾಕಿಲ್‌ರಾಯ್ ಅವರದು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ಸೇರಿಸಿದರು. ಐವತ್ತು ವರ್ಷ ದಾಟಿದರೂ ಅದು ಇಂದಿಗೂ ಹಾಗೆಯೇ ಕೆಲಸ ಮಾಡುತ್ತಿದೆ.

ಸದಸ್ಯರ ಊರುಗಳನ್ನು ಸಾಲಿಗೊಂದರಂತೆ ‘ಊರು’ ಎಂಬ ಫೈಲಿನಲ್ಲಿ ಇಡಿ. ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು. ಆಮೇಲೆ ಹೀಗೆ: ‘ಸಾರ್ಟ್ ಊರು’, ಪೈಪ್, ‘ಯೂನಿಕ್ ಹೈಫನ್ ಸಿ’, ಪೈಪ್, ‘ಸಾರ್ಟ್ ಹೈಫನ್ ಎನ್ಆರ್’. ಯೂನಿಕ್ ಎಂಬುದಕ್ಕೆ ಯು, ಎನ್, ಐ, ಕ್ಯೂ ಎಂಬ ನಾಲ್ಕೇ ಅಕ್ಷರ. ಎಂಟರ್ ಒತ್ತಿದ ಕೂಡಲೇ ಹೆಚ್ಚು ಸದಸ್ಯರಿರುವ ಊರಿನಿಂದ ಶುರುವಾಗಿ, ಎಣಿಕೆ ಸಮೇತ ಪಟ್ಟಿ ಬರುತ್ತದೆ. ಮೊದಲ ಸಾರ್ಟ್ ಏಕೆಂದರೆ, ಯೂನಿಕ್ ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಈ ಪಟ್ಟಿ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಹುಬ್ಬಳ್ಳಿ, ಹುಬ್ಳಿ ಎರಡೂ ಬೇರೆ ಬೇರೆಯಾಗಿ ಕಾಣಿಸಿಕೊಂಡು ಬರವಣಿಗೆಯ ತಪ್ಪುಗಳು ಬಯಲಾಗುತ್ತವೆ.

6. ಕನ್ನಡದಲ್ಲೂ ಬಳಸಿ

ಟರ್ಮಿನಲ್ ಇಂಗ್ಲಿಷಿಗೆ ಮಾತ್ರ ಎಂದು ತಿಳಿದವರು ಬಹಳ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಅಕ್ಷರ ಸಂಕೇತ ಪದ್ಧತಿಯಿಂದ ಕನ್ನಡ ಪಠ್ಯಕ್ಕೂ ಈ ಕಮಾಂಡ್‌ಗಳು ಸಲ್ಲುತ್ತವೆ. ‘ಗ್ರೆಪ್ ಹೈಫನ್ ಆರ್’ ಎಂದು ಬರೆದು ಕನ್ನಡದ ಪದವೊಂದನ್ನು ಕೊಡಿ. ನಿಮ್ಮ ಇಡೀ ಫೋಲ್ಡರ್‌ನ ಪಠ್ಯ ಫೈಲ್‌ಗಳಲ್ಲಿ ಆ ಪದವಿರುವ ಸಾಲುಗಳನ್ನೆಲ್ಲ ಹೆಕ್ಕಿ ತೋರಿಸುತ್ತದೆ. ಶಾಸನ, ಜಾನಪದ, ನಿಘಂಟು ಎಂದು ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಹಾಯ ನನಗೆ ಗೊತ್ತಿಲ್ಲ.

‘ಡಬ್ಲ್ಯುಸಿ ಹೈಫನ್ ಡಬ್ಲ್ಯು’ ಲೇಖನದ ಪದಗಳನ್ನು ಎಣಿಸುತ್ತದೆ. ಅಕ್ಷರಗಳ ಎಣಿಕೆಯನ್ನು ಮಾತ್ರ ಎಚ್ಚರದಿಂದ ನೋಡಿ. ‘ಕನ್ನಡ’ ಎಂಬುದರಲ್ಲಿ ನಮಗೆ ಕಾಣುವುದು ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಎಂದು ಐದು. ಒಂದೊಂದಕ್ಕೆ 3 ಬೈಟ್, ಒಟ್ಟು 15.

ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಫೈಲ್‌ಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಗ್ರೆಪ್‌ಗೆ ಅಲ್ಲಿ ಕನ್ನಡವೇ ಕಾಣದು. ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಗಾಬರಿ ಬೇಡ, ಫೈಲ್ ಸರಿಯಾಗಿಯೇ ಇರುತ್ತದೆ. ಸ್ಕ್ಯಾನ್ ಮಾಡಿದ ಪುಟಗಳಿದ್ದರೆ ಟೆಸರಾಕ್ಟ್ ಎಂಬ ತಂತ್ರಾಂಶದ ಜೊತೆಗೆ ಅದರ ಕನ್ನಡ ದತ್ತಾಂಶವನ್ನೂ ಹಾಕಿಕೊಳ್ಳಿ. ಅಚ್ಚು ಸ್ವಚ್ಛವಾಗಿದ್ದರೆ ಚಿತ್ರದಿಂದ ಪಠ್ಯ ತೆಗೆದು ಕೊಡುತ್ತದೆ. ಕರಡು ತಿದ್ದುವುದು ನಿಮ್ಮದೇ ಕೆಲಸ.

7. ಅಳಿಸುವ ಮುನ್ನ ನೋಡಿ, ಕಳೆಯುವ ಮುನ್ನ ನಕಲು ಇಡಿ

‘ಆರ್‌ಎಂ’ ಫೈಲ್ ಅಳಿಸುವ ಕಮಾಂಡ್. ಇಲ್ಲಿ ಕಸದ ಬುಟ್ಟಿಯಿಲ್ಲ; ಹೋಯಿತೆಂದರೆ ಹೋಯಿತು. ನಕ್ಷತ್ರ ಮತ್ತು ಚುಕ್ಕಿಯ ನಡುವೆ ಕೈತಪ್ಪಿ ಒಂದು ಸ್ಪೇಸ್ ಬಿದ್ದರೆ ಒಂದು ಬಗೆಯ ಫೈಲ್ ಬದಲು ಫೋಲ್ಡರ್‌ನಲ್ಲಿ ಕಾಣುವ ಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಅದೇ ಹೆಸರುಗಳನ್ನು ಮೊದಲು ‘ಎಲ್ಎಸ್’ಗೆ ಕೊಟ್ಟು ಏನು ಬರುತ್ತದೆಂದು ನೋಡಿ, ಆಮೇಲೆ ‘ಆರ್‌ಎಂ ಹೈಫನ್ ಐ’ ಬಳಸಿ. ಅದು ಪ್ರತಿ ಫೈಲಿಗೂ ಒಪ್ಪಿಗೆ ಕೇಳುತ್ತದೆ. ಎಲ್ಲೋ ಸಿಕ್ಕ, ‘ಸುಡೊ’ ಎಂದು ಶುರುವಾಗುವ ಸಾಲನ್ನು ಅರ್ಥವಾಗದೆ ಅಂಟಿಸಲೇಬೇಡಿ. ಸುಡೊ ಎಂದರೆ ಇಡೀ ಯಂತ್ರದ ಅಧಿಕಾರ.

ನಕಲಿಗೆ ‘ಆರ್‌ಸಿಂಕ್’. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಬಿಡುಗಡೆ ಮಾಡಿದ್ದು. ‘ಹೈಫನ್ ಎ’ ಕೊಟ್ಟು ಓಡಿಸಿದರೆ ಎರಡನೆಯ ಸಲದಿಂದ ಬದಲಾದ ಫೈಲ್‌ಗಳನ್ನಷ್ಟೇ ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕ್‌ಗೋ ಕಳಿಸುತ್ತದೆ. ‘ಹೈಫನ್ ಎನ್‌ವಿ’ ಸೇರಿಸಿದರೆ ಏನೇನು ಮಾಡಲಿದೆ ಎಂದು ತೋರಿಸುತ್ತದೆ, ಮಾಡುವುದಿಲ್ಲ. ಮೊದಲ ಸಲ ಹೀಗೆಯೇ ಓಡಿಸಿ.

8. ನಿಮ್ಮದೇ ಕೈಪಿಡಿ ಬರೆದಿಟ್ಟುಕೊಳ್ಳಿ

‘ಮ್ಯಾನ್’ ಎಂದು ಬರೆದು ಕಮಾಂಡಿನ ಹೆಸರು ಕೊಟ್ಟರೆ ಅದರ ವಿವರಣೆ ತೆರೆಯುತ್ತದೆ. ಹೊರಬರಲು ಕ್ಯೂ ಒತ್ತಿ. 1971ರ ಮೊದಲ ಯುನಿಕ್ಸ್ ಕೈಪಿಡಿಯಿಂದಲೂ ಈ ಪುಟಗಳ ವಿನ್ಯಾಸ ಹೆಚ್ಚುಕಡಿಮೆ ಹೀಗೆಯೇ ಇದೆ. ಇಂಗ್ಲಿಷಿನಲ್ಲಿರುವ ಆ ವಿವರಣೆ ಹೊಸಬರಿಗೆ ಕಷ್ಟ, ನಿಜ. ಅದಕ್ಕೇ ಕೆಲಸ ಮಾಡಿದ ಪ್ರತಿ ಸಾಲನ್ನೂ ಒಂದು ಫೈಲಿಗೆ ಅಂಟಿಸಿ, ಪಕ್ಕದಲ್ಲಿ ಅದು ಯಾತಕ್ಕೆಂದು ಕನ್ನಡದಲ್ಲಿ ಬರೆದಿಡಿ. ಮುಂದಿನ ಸಲ ಹುಡುಕಬೇಕಾಗಿಲ್ಲ, ಕೇಳಿದವರಿಗೂ ಕೊಡಬಹುದು. ನೀವು ತಿಂಗಳು ತಿಂಗಳೂ ಕೈಯಾರೆ ಮಾಡುವ ಬೇಸರದ ಕೆಲಸ ಯಾವುದೆಂದು ಯೋಚಿಸಿ, ಆ ಫೈಲನ್ನು ಅದರಿಂದಲೇ ಆರಂಭಿಸಿ.